ಅಜ್ಜಾ ಹೆಂಗ ಬಿದ್ರು ಅನ್ನೂಕಿಂತ ಮೊದಲ, ಯಾಕ ಎದ್ದಿದ್ರು ಅಂತ ಕೇಳ್ರಿ

(ಬಾಗಲಕೋಟಿ ನವನಗರದಾಗ ವೃದ್ಧಾಶ್ರಮದ ಸಿಬ್ಬಂದಿ ಮತ್ತ ಅಲ್ಲಿ ಇರೂ ಹಿರಿಯರ ಮನಿ ಮಂದಿ ಮುಂದ ಮಾತಾಡಿದ್ದು. ರಾತ್ರಿ ಪಾಳಿ ಆಯಾಗಳಿಗೆ ಬರಾಕ ಆಗಿರಲಿಲ್ಲ, ಅವ್ರಿಗೂ ಓದಾಕ ಬೇಕು ಬರದು ಕೊಡ್ರಿ ಸರ್ ಅಂದ್ರು. ಮಾತಾಡಿದಂಗ ಬರದೀನಿ, ಅಲ್ಲಲ್ಲಿ ಸ್ವಲ್ಪ ಸೇರಿಸೀನಿ.)

ಎಲ್ಲಾರಿಗೂ ನಮಸ್ಕಾರ್ರಿ. ನಾ ಫಿಸಿಯೋಥೆರಪಿ ಮಾಡಾಂವ, ಹಿಂಗಾಗಿ ನನ್ನ ಹತ್ರ ಮಂದಿ ಬರೂದ ಬಿದ್ದ ಮ್ಯಾಲೆ. ಇವತ್ತ ಬೀಳೂಕಿಂತ ಮೊದಲಿಂದು ಮಾತಾಡೂನು.

ಯಾವ ಆಶ್ರಮದ ರಿಜಿಸ್ಟರ್ ತಗದು ನೋಡಿದ್ರೂ ಬಿದ್ದ ದಿನದ ಮುಂದ ಬರದಿರೂದು ಒಂದ ಸಾಲು, "ಬಚ್ಚಲದಾಗ ಕಾಲು ಜಾರಿ ಬಿದ್ದರು". ಬಚ್ಚಲ ಇಲ್ಲಂದ್ರ ವರಾಂಡಾ. ಅಷ್ಟಕ್ಕ ಮುಗೀತು. ಮರುದಿನ ಬಚ್ಚಲಕ್ಕ ಒಂದು ರಬ್ಬರ್ ಮ್ಯಾಟ್ ಬರತೈತಿ, ಎಂಟು ದಿನಕ್ಕ ಅದರ ಅಂಚು ಮ್ಯಾಲೆ ಮಡಚತೈತಿ, ಇನ್ನೊಬ್ಬರು ಅದಕ್ಕ ಎಡವತಾರ. ಬಿದ್ದವರನ್ನ ಕೇಳಿದ್ರ ಅವ್ರೂ ಜಾರಿತು ಅಂತಾರ, ಯಾಕಂದ್ರ ತಲಿ ತಿರುಗಿತು, ಕಾಲು ಸೋತು ಅಂತ ಹೇಳಿದ್ರ ನಾಳಿಂದ ಎದ್ದು ಅಡ್ಡಾಡಾಕ ಬಿಡಂಗಿಲ್ಲ ಅಂತ ಅವ್ರಿಗೆ ಗೊತ್ತೈತಿ.

ಕೆನಡಾದಾಗ ಒಂದು ಚಲೋ ಕೆಲಸ ಮಾಡ್ಯಾರ. ಹಿಂಗ ಹಿರಿಯರು ಇರೂ ಎರಡು ಕೇಂದ್ರದ ಊಟದ ಹಾಲು, ಕೂಡೂ ಜಾಗಾ, ವರಾಂಡಾದಾಗ ಕ್ಯಾಮೆರಾ ಹಚ್ಚಿ, ಮಂದಿ ಖರೇನ ಹೆಂಗ ಬೀಳ್ತಾರ ಅಂತ ನೋಡಿದ್ರು. 130 ಜನ, 227 ಸಲ ಬಿದ್ದದ್ದು ವಿಡಿಯೋದಾಗ ಸಿಕ್ತು. 2013ರಾಗ ವೈದ್ಯಕೀಯ ಪತ್ರಿಕಿ ಲ್ಯಾನ್ಸೆಟ್‌ನಾಗ ಅದು ಬಂತು. ಜಾರಿ ಬಿದ್ದದ್ದು ಎಷ್ಟು ಅಂತೀರಿ? ನೂರಕ್ಕ 3. ಎಡವಿ ಬಿದ್ದದ್ದು 21. ಎಲ್ಲಾಕಿಂತ ಹೆಚ್ಚು, ನೂರಕ್ಕ 41, ತಮ್ಮ ಮೈ ಭಾರ ತಾವ ತಪ್ಪು ಕಡೆ ಹಾಕಿ ಬಿದ್ದದ್ದು. ಅಂದ್ರ ಏಳೂ ಹೊತ್ನ್ಯಾಗ, ಹಿಂದ ಹೊಳ್ಳೂ ಹೊತ್ನ್ಯಾಗ, ಕುರ್ಚಿ ಇನ್ನೂ ಒಂದು ಗೇಣು ದೂರ ಇರೂದ್ರಾಗ ಬಂತು ಅಂತ ತಿಳಕೊಂಡು ಕುಂದ್ರೂ ಹೊತ್ನ್ಯಾಗ. ಸುಮ್ಮ ನಿಂತಲ್ಲೇ ಬಿದ್ದವರು, ಕುಂದ್ರಾಕ ಹೋಗಿ ಬಿದ್ದವರು ಭಾಳ ಮಂದಿ.

ಇಲ್ಲಿ ಒಂದು ಮಾತು ಹೇಳಬೇಕು, ಅವ್ರ ಕ್ಯಾಮೆರಾ ಬಚ್ಚಲದಾಗ ಇರಲಿಲ್ಲ, ಇರಾಕೂ ಬಾರದು. ನಮ್ಮಲ್ಲಿ ಬಚ್ಚಲಾ ಅಂದ್ರ ಇಡೀ ನೆಲಕ್ಕ ನೀರು, ಸಬಕಾರ ನೊರಿ, ಮ್ಯಾಲೆ ಒಂದು ಪ್ಲಾಸ್ಟಿಕ್ ಬಕೀಟು. ಹಂಗಾಗಿ ನಮ್ಮಲ್ಲಿ ಜಾರೂದು 3 ಅಂತ ನಾ ಹೇಳಂಗಿಲ್ಲ. ಆದ್ರ ಎಲ್ಲಾ ತಪ್ಪು ಫರಸಿ ಮ್ಯಾಲೆ ಹಾಕಿ ಕುಂತ್ರ ಉಳಿದದ್ದು ಕಣ್ಣಿಗೇ ಬೀಳಂಗಿಲ್ಲ.

ಇದು ಎಷ್ಟು ದೊಡ್ಡದು ಅಂದ್ರ, ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯೊಳಗ ಹೇಳೈತಿ, 65 ದಾಟಿದವರೊಳಗ ವರ್ಷಕ್ಕ ನೂರಕ್ಕ 28 ರಿಂದ 35 ಮಂದಿ ಬೀಳ್ತಾರ, ಹಿಂಗ ಕೇಂದ್ರದಾಗ ಇರೋರೊಳಗ 30 ರಿಂದ 50. ಮನಿಯಾಗ ಇರೋರಕಿಂತ ನೋಡಕೊಳ್ಳೋರು ಇದ್ದಲ್ಲೇ ಹೆಚ್ಚು ಬೀಳ್ತಾರ ಅಂದ್ರ ನಿಮ್ಮ ತಪ್ಪು ಅಂತ ತಿಳಕೋಬ್ಯಾಡ್ರಿ, ಮೊದಲ ಕಾಲು ಸೋತವರು, ಮರವು ಹತ್ತಿದವರು, ಲಕ್ವಾ ಹೊಡದವರ ನಿಮ್ಮಲ್ಲಿ ಬರೂದು. ಆದ್ರ ಬೀಳೂದು ಹಣೀಬರಾ ಅಲ್ಲ. ಒಬ್ಬರು ಬಿದ್ದ ಮ್ಯಾಲೆ ನಾ ಕೇಳೂ ಮೊದಲ ಪ್ರಶ್ನಿ, ಅವ್ರು ಎದ್ದದ್ದು ಯಾಕ? ಈ ಪ್ರಶ್ನಿಗೆ ಉತ್ತರಾ ಸಿಕ್ತು ಅಂದ್ರ ಮುಂದಿನ ಸಲ ಯಾವಾಗ ಏಳ್ತಾರ ಅನ್ನೂದು ನಿಮಗ ಮೊದಲ ಗೊತ್ತಿರತೈತಿ.

ಹೆಚ್ಚಾಗಿ ಉತ್ತರ ಏನು? ಕಾಲ್ಮಡಿ. ರಾತ್ರಿ ಎಚ್ಚರ ಆತು, ಅವಸರ ಆತು, ಕರದ್ರ ಯಾರೂ ಬರಲಿಲ್ಲ, ಇಲ್ಲಾ ಆ ಹುಡಿಗಿ ಈಗ ಮಲಗ್ಯಾಳ ಅಕಿನ್ನ ಯಾಕ ಎಬ್ಬಸ್ಲಿ ಅಂತ ಸಂಕೋಚ ಆತು. ಒಮ್ಮೆ ಕುಂತು ನೋಡ್ರಿ ಒಬ್ಬ ಅಜ್ಜಿ ಹೆಂಗ ಏಳ್ತಾಳ ಅಂತ. ಕಾಟ್ ಎತ್ತರ ಐತಿ, ಕಾಲು ನೆಲಕ್ಕ ಮುಟ್ಟವಲ್ದು, ಜಗ್ಗಿ ಜಗ್ಗಿ ಅಂಚಿಗೆ ಬರ್ತಾಳ, ಬಲಗಾಲಿಂದ ಕತ್ತಲಾಗ ಚಪ್ಪಲಿ ಹುಡುಕತಾಳ, ಅದು ಕಸಾ ಹೊಡಿಯೋರು ಒಳಗ ಸರಿಸಿಟ್ಟಿರತಾರ. ಸಿಗಲಿಲ್ಲ, ಬರಿಗಾಲಿಲೇ ಎದ್ಲು. ಎದ್ದಾಗ ಕೈ ಹಿಡಕೊಳ್ಳಾಕ ಏನು ಸಿಕ್ತು ಅಂದ್ರ ಬಾಜೂಕಿನ ಪ್ಲಾಸ್ಟಿಕ್ ಸ್ಟೂಲು, ಅದರ ಮ್ಯಾಲೆ ನೀರಿನ ತಂಬಗಿ. ಮಲಗಿದ್ದಾಗ ಸಡ್ಲ ಆದ ಸೀರಿ ನಿರಿಗಿ ಈಗ ಹೆಬ್ಬಟ್ಟಿನ ಕೆಳಗ ಬಂದೈತಿ. ಇದರಾಗ ಫರಸಿದು ಏನೈತ್ರಿ ತಪ್ಪು?

ಇದಕ್ಕ ರೊಕ್ಕ ಹತ್ತಂಗಿಲ್ಲ. ಮಲಗೂ ಮೊದಲ ಒಮ್ಮೆ ಕರ್ಕೊಂಡು ಹೋಗೂದು. ಯಾರು ಎಷ್ಟು ಹೊತ್ತಿಗೆ ಏಳ್ತಾರ ಅಂತ ಒಂದು ವಾರ ಬರದಿಟ್ರ ಸಾಕು, ಹೆಚ್ಚು ಕಡಿಮಿ ಅದ ಹೊತ್ತಿಗೆ ಏಳ್ತಾರ, ಅವ್ರು ಏಳೂ ಅರ್ಧಾ ತಾಸು ಮೊದಲ ನೀವ ಹೋಗಿ "ಆಯಿ, ಬರ್ರಿ ಹೋಗಿ ಬರೂನು" ಅನ್ರಿ. ಜೀರೋ ಬಲ್ಬ್ ಹಾಸಿಗಿಂದ ಬಚ್ಚಲತನಾ ಇರಬೇಕು, ಕರೆಂಟ್ ಹೋದ್ರೂ ಹತ್ತೂವಂಥದ್ದು ಒಂದು ಚಾರ್ಜಿಂಗ್ ಲೈಟು. ಕಾಟ್ ಎತ್ತರ ಅವರವರ ಮೊಣಕಾಲಷ್ಟು ಇರಬೇಕು, ಹೆಚ್ಚಾತು ಅಂದ್ರ ಬಡಿಗ್ಯಾರನ್ನ ಕರಸಿ ಕಾಲು ಕೊಯ್ಸ್ರಿ. ಸಂಡಾಸದಾಗ ಕುಂದ್ರೂ ಜಾಗಾದ ಬಾಜೂಕ ಗ್ವಾಡಿಗೆ ಸ್ಟೀಲ್ ಹಿಡಿಕಿ. ಹಿಡಿಕಿ ಬ್ಯಾರೆ, ಟಾವೆಲ್ ಹಾಕೂ ಸಳಿ ಬ್ಯಾರೆ, ಟಾವೆಲ್ ಸಳಿ ಹಿಡದು ಎದ್ರ ಅದು ಸ್ಕ್ರೂ ಸಮೇತ ಕೈಯಾಗ ಬರತೈತಿ.

ಹೊಸದಾಗಿ ಬಂದವರ ಮ್ಯಾಲೆ ಮೊದಲಿನ ಕೆಲವು ವಾರ ಕಣ್ಣು ಹೆಚ್ಚು ಇರಲಿ. ಇದು ನಮ್ಮ ಬಾಗಲಕೋಟಿ ಮಂದಿಗೆ ಬಿಡಿಸಿ ಹೇಳೂದು ಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಾಗಿನ ಮನಿ ಬಿಟ್ಟು ನವನಗರಕ್ಕ ಬಂದ ಹಿರಿಯರು ಎಷ್ಟು ಮಂದಿ ಅದಾರ, ಮನಿ ಬದಲಾದ ಮ್ಯಾಲೂ ನಿದ್ದಿಗಣ್ಣಾಗ ಎದ್ದು ಹಳೇ ಮನಿ ಬಚ್ಚಲ ಇದ್ದ ಕಡೆನ ಹೊಂಟು ಗ್ವಾಡಿಗೆ ಹಾಯೋರು. ಆಶ್ರಮಕ್ಕ ಬಂದವರಿಗೂ ಅದ ಆಗತೈತಿ. ಹಗಲಾಗ ದಾರಿ ತೋರಿಸಿದ್ರ ಸಾಲಂಗಿಲ್ಲ, ರಾತ್ರಿ ಲೈಟ್ ಆರಿಸಿದ ಮ್ಯಾಲೆ ಒಮ್ಮೆ ಜೋಡಿ ನಡದು ಬರ್ರಿ. ಮನಿಯಾಗ ಯಾವ ಮಗ್ಗಲಿಂದ ಏಳ್ತಿದ್ರು ಕೇಳಿ ಕಾಟ್ ಹಂಗ ಹಾಕ್ರಿ.

ಎರಡನೇದು ಗುಳಿಗಿ. ಇದು ಡಾಕ್ಟರ ಕೆಲಸಾ, ಆದ್ರ ಡಾಕ್ಟರಿಗೆ ಹೇಳೂ ಕೆಲಸಾ ನಿಮ್ಮದು. ನಿದ್ದಿ ಗುಳಿಗಿ, ಅಲ್‌ಪ್ರಾಜೋಲಾಮ್ ಕ್ಲೋನಾಜೆಪಾಮ್ ಅಂಥವು, ಬೀಳೂದಕ್ಕ ದೊಡ್ಡ ಕಾರಣ, ಅದರ ಮಬ್ಬು ಮುಂಜಾನಿ ತನಾ ಇರತೈತಿ. ವರ್ಷಗಟ್ಟಲೆ ತಗೊಳ್ಳಾಕತ್ತವರಿಗೆ ಇವತ್ತ ನನ್ನ ಮಾತು ಕೇಳಿ ನಾಳಿಗೆ ಬಂದ್ ಮಾಡಿಗೀಡೀರಿ, ಹಂಗ ಒಮ್ಮೆಲೆ ನಿಲ್ಲಿಸಿದ್ರ ಫಿಟ್ಸ್ ಬರೂ ಸಾಧ್ಯ ಐತಿ, ಡಾಕ್ಟರು ಹಂತ ಹಂತವಾಗಿ ಕಡಿಮಿ ಮಾಡ್ತಾರ. ನೀರು ಇಳಿಸೂ ಗುಳಿಗಿ ಸಂಜಿಗೆ ಕೊಟ್ರ ರಾತ್ರಿಯೆಲ್ಲಾ ಏಳಬೇಕಾಗತೈತಿ, ಮುಂಜಾನೆಗೆ ಬದಲಿ ಮಾಡಾಕ ಬರತೈತೇನು ಅಂತ ಕೇಳ್ರಿ. ಗಂಡಸರಿಗೆ ಪ್ರೊಸ್ಟೇಟ್‌ಗೆ ಕೊಡೂ ಟ್ಯಾಮ್ಸುಲೋಸಿನ್, ಬಿಪಿಗೆ ಕೊಡೂ ಪ್ರಾಜೋಸಿನ್, ಇವು ಎದ್ದು ನಿಂತಾಗ ಬಿಪಿ ಇಳಸ್ತಾವು.

ಎದ್ದಾಗಿನ ಬಿಪಿ ಅಂದೆ ನೋಡ್ರಿ, ನಮ್ಮಲ್ಲಿ ಬಿಪಿ ನೋಡೂದು ಬರೇ ಕುಂದ್ರಿಸಿ. ಮಷೀನ್ ಎಲ್ಲಾ ಕಡೆ ಐತಿ ಈಗ. ಐದು ನಿಮಿಷ ಮಲಗಿಸಿ ಒಮ್ಮೆ ನೋಡ್ರಿ, ನಿಂದ್ರಿಸಿ ಒಂದು ನಿಮಿಷಕ್ಕ ಒಮ್ಮೆ, ಮೂರು ನಿಮಿಷಕ್ಕ ಒಮ್ಮೆ. ಮ್ಯಾಲಿನ ಅಂಕಿ 20 ಇಳೀತು, ಇಲ್ಲಾ ಕೆಳಗಿಂದು 10 ಇಳೀತು ಅಂದ್ರ ಬರದು ಡಾಕ್ಟರಿಗೆ ತೋರಸ್ರಿ. ಅಂಥವರು ಹಾಸಿಗಿಂದ ಎದ್ದಕೂಡ್ಲೆ ನಡೀಬಾರದು, ಅಂಚಿಗೆ ಕುಂತು ಪಾದ ಮ್ಯಾಲೆ ಕೆಳಗ ಮಾಡಿ, ಒಂದು ನಿಮಿಷ ತಡದು ಏಳಬೇಕು. ಊಟ ಆದ ಮ್ಯಾಲೂ ಕೆಲವರಿಗೆ ಬಿಪಿ ಇಳಿತೈತಿ, ಪಂಕ್ತಿಯಿಂದ ಎಲ್ಲಾರನ್ನೂ ಲಗೂ ಲಗೂ ಎಬ್ಬಸಬ್ಯಾಡ್ರಿ. ಬ್ಯಾಸಗಿಯಾಗ ಇದು ಇನ್ನೂ ಜೋರು. ನಮ್ಮ ಕಡೆ ಏಪ್ರಿಲ್, ಮೇದಾಗ ಬಿಸಲು 40 ದಾಟತೈತಿ, ಅಜ್ಜಗೋಳು ಕಾಲ್ಮಡಿಗೆ ಏಳಬೇಕಾಗತೈತಿ ಅಂತ ನೀರ ಕುಡಿಯೂದು ಬಿಡ್ತಾರ, ಮೈಯಾಗ ನೀರಿಲ್ಲ, ಬಿಪಿ ಗುಳಿಗಿ ಅಷ್ಟ ಐತಿ, ಎದ್ದ ತಕ್ಷಣ ಚಕ್ಕರ್. ಹಗಲಿಗೆ ಮಜ್ಜಗಿ, ನೀರು ಕೇಳೂ ತನಾ ಕಾಯಬ್ಯಾಡ್ರಿ, ಕೈಗೆ ಕೊಡ್ರಿ.

ಶುಗರ್ ಗುಳಿಗಿದು ಒಂದು ಇದ್ದ ಐತಿ. ಶ್ರಾವಣ ಸೋಮವಾರ ಒಪ್ಪತ್ತು ಅಂತ ಅಜ್ಜಿ ಊಟ ಬಿಡ್ತಾಳ, ಗ್ಲಿಮೆಪಿರೈಡ್ ಮಾತ್ರ ಡಬ್ಬಿಯಾಗಿಂದು ತಪ್ಪದಂಗ ಕೊಟ್ಟಿರತಾರ, ಮಧ್ಯಾಹ್ನಕ್ಕ ಶುಗರ್ ಇಳದು ಬೆವರು, ನಡುಕ, ಬಿದ್ಲು. ಉಪವಾಸ ಬ್ಯಾಡ ಅಂತ ಅವ್ರಿಗೆ ಹೇಳಾಕ ಹೋಗಿ ಉಪಯೋಗಿಲ್ಲ, ನಾ ಹೇಳಿ ನೋಡೀನಿ, ಉಪವಾಸದ ದಿನ ಗುಳಿಗಿ ಏನು ಮಾಡೂದು ಅಂತ ಡಾಕ್ಟರ ಕಡೆ ಮೊದಲ ಬರಿಸಿಕೊಳ್ರಿ.

ಚಷ್ಮಾ, ಚಪ್ಪಲಿ ಲಗೂನ ಹೇಳಿ ಬಿಡ್ತೀನಿ. ಮೋತಿಬಿಂದು ಇದ್ರ ತಗಸ್ರಿ. ಚಪ್ಪಲಿಗೆ ಹಿಂದ ಪಟ್ಟಿ ಇರಬೇಕು, ಒಳಗ ಹಾಕೂದು ಬ್ಯಾರೆ ಜೋಡು ಇಟ್ರ ದೇವರ ಮನಿ ಮಡಿಗೂ ತೊಂದ್ರಿ ಇಲ್ಲ. ಕೊಲ್ಲಾಪುರಿ ಚಪ್ಪಲಿ ಜಿಐ ಪಟ್ಟಿಯೊಳಗ, ಅಂದ್ರ ಈ ಸಾಮಾನು ಈ ಸೀಮಿದು ಅಂತ ಸರಕಾರ ಕೊಡೂ ಗುರುತಿನೊಳಗ, ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡ ಜಿಲ್ಲಾನೂ ಅದಾವು, ಅಭಿಮಾನ ನನಗೂ ಐತಿ, ಆದ್ರ ಪಾಲಿಶ್ ಮಾಡಿದ ನೆಲದ ಮ್ಯಾಲೆ ನುಣುಪ ಚರ್ಮದ ತಳ, ಹಿಂದ ಪಟ್ಟಿ ಇಲ್ಲದ್ದು, ಎಂಬತ್ತರ ಅಜ್ಜಗ ಅದು ಬ್ಯಾಡ್ರಿ. ಇಳಕಲ್ ಗ್ರಾನೈಟ್ ಹಾಕಿಸಿ ಹೆಸರಿನ ಕಲ್ಲು ಕೂಡ್ರಿಸೂ ದಾನಿಗಳು ಬೇಕಾದಷ್ಟು ಸಿಗ್ತಾರ, ರಾತ್ರಿ ಪಾಳಿಗೆ ಇನ್ನೊಬ್ಬ ಆಯಾನ ಪಗಾರ ಕೊಡ್ತೀನಿ ಅನ್ನಾವರು ಸಿಗೂದಿಲ್ಲ. ಈ ಸಭಾದಾಗ ಯಾರಾದ್ರೂ ದಾನಿಗಳು ಇದ್ರ ಕೇಳಸ್ಕೊಳ್ರಿ.

ಈಗ ನನಗ ಎಲ್ಲಾಕಿಂತ ಮುಖ್ಯ ಅನಸೂದು. "ಸುಮ್ಮ ಕುಂದ್ರಬೇ ಯವ್ವಾ, ಬಿದ್ದೀ." ಈ ಮಾತು ಎಲ್ಲಾ ಆಶ್ರಮದಾಗ ದಿನಾ ಕೇಳತೈತಿ, ಕಾಳಜಿಯಿಂದನ ಹೇಳೂದು, ಬೈಯೂದಲ್ಲ. ಆದ್ರ ಅಮೆರಿಕಾದಾಗ 2007ರ ಸುಮಾರು ಒಂದು ಪ್ರಯೋಗ ಮಾಡಿದ್ರು, ಸುಮಾರು 67 ವಯಸ್ಸಿನ, ಗಟ್ಟಿಮುಟ್ಟ ಇದ್ದ ಮಂದೀನ್ನ 10 ದಿನಾ ಹಾಸಿಗಿ ಮ್ಯಾಲೆ ಮಲಗಿಸಿದ್ರು. ಹತ್ತ ದಿನದಾಗ ಕಾಲಿನ ಮಾಂಸಖಂಡ ಹತ್ರ ಹತ್ರ ಒಂದು ಕಿಲೋ ಕರಗಿತ್ತು. ಅವ್ರು ಗಟ್ಟಿ ಮಂದಿ. ನಮ್ಮ 85ರ ಅಜ್ಜಿ ಜ್ವರಾ ಬಂದು ಹತ್ತ ದಿನಾ ಮಲಗಿದ್ಲು ಅಂದ್ರ ಹನ್ನೊಂದನೇ ದಿನಾ ಅಕಿ ಮೊದಲಿನ ಕಾಲು ನಂಬಿ ಏಳ್ತಾಳ, ಆ ಕಾಲು ಅಲ್ಲಿ ಇರಂಗಿಲ್ಲ. ಕುಂದ್ರಿಸಿ ಕುಂದ್ರಿಸಿ ಬೀಳದಂಗ ಮಾಡಾಕ ಹೋಗಿ, ಬೀಳೂವಂಥ ಕಾಲು ನಾವ ತಯಾರ ಮಾಡ್ತೀವಿ.

ಯಾರ ಕಾಲು ಹೆಂಗೈತಿ ಅಂತ ನೋಡಾಕ ಒಂದು ಪರೀಕ್ಷಾ ಐತಿ, ಅವತ್ತ ಸಭಾದಾಗ ಒಬ್ಬ ಅಜ್ಜನ್ನ ಕರದು ಮಾಡಿ ತೋರಿಸಿದೆ. ಕೈ ಇರೂ ಕುರ್ಚಿ ಗ್ವಾಡಿಗೆ ತಾಗಿಸಿ ಇಡ್ರಿ, ಮೂರು ಮೀಟರ್ ಅಳದು ಸುಣ್ಣದಲೆ ಗೆರಿ ಹೊಡೀರಿ. ಎದ್ದು, ಗೆರಿತನಾ ನಡದು, ಹೊಳ್ಳಿ ಬಂದು ಕುಂದ್ರಬೇಕು, ರೋಜ ಹಿಡಿಯೂ ಕೋಲು ಇದ್ರ ಇರಲಿ. ಮೊಬೈಲಿನ್ಯಾಗ ಟೈಮ್ ಹಚ್ರಿ. 12 ಸೆಕೆಂಡ್ ಇಲ್ಲಾ ಅದಕ್ಕಿಂತ ಹೆಚ್ಚಾತು ಅಂದ್ರ ಬೀಳೂ ಅಪಾಯ ಐತಿ ಅಂತ ತಿಳೀರಿ. ಆಶ್ರಮದಾಗ ಹೆಚ್ಚಿನವರು 12 ದಾಟೇ ದಾಟ್ತಾರ, ಹಂಗಾಗಿ ಸೆಕೆಂಡ್‌ಕಿಂತ ಹೊಳ್ಳೂದನ್ನ ನೋಡ್ರಿ. ಅವತ್ತಿನ ಅಜ್ಜ ನೆಟ್ಟಗ ಹೋದ್ರು, ಗೆರಿ ಹತ್ರ ಮಾತ್ರ ಸಣ್ಣ ಸಣ್ಣ ಏಳೆಂಟು ಹೆಜ್ಜಿ ಹಾಕಿ ಹೊಳ್ಳಿದ್ರು, ಕುರ್ಚಿ ಹತ್ರ ಬಂದು ಹಿಂದ ನೋಡದ ಧೊಪ್ಪಂತ ಕುಂತ್ರು. ಎಲ್ಲಾರೂ ಚಪ್ಪಾಳಿ ಹೊಡದ್ರಿ ನೀವು! ನಾ ಅವ್ರಿಗೆ ಹೇಳಿದ್ದು ಇಷ್ಟ, ಅಜ್ಜಾರ, ಕುರ್ಚಿ ನಿಮ್ಮ ಕಾಲಿನ ಹಿಂಬದಿಗೆ ತಾಗೂ ತನಾ ಹಿಂದ ಸರೀರಿ, ಎರಡೂ ಕೈಲೆ ಕುರ್ಚಿ ಕೈ ಹಿಡೀರಿ, ಆಮ್ಯಾಲೆ ಕುಂದ್ರಿ. ಎರಡನೇ ಸಲಕ್ಕ ಹಂಗ ಕುಂತ್ರು.

ವ್ಯಾಯಾಮ ಅಂದಕೂಡ್ಲೆ ಯಾರೂ ಬರೂದಿಲ್ಲ, ಸಂಜಿ ಭಜನಿಗೆ ಎಲ್ಲಾರೂ ಬರ್ತಾರ. ಅದರ ಮೊದಲ ಹತ್ತ ನಿಮಿಷ ತಗೋರಿ. ಕುರ್ಚಿಯಿಂದ ಏಳೂದು ಕುಂದ್ರೂದು, ಕಿಡಕಿ ಸಳಿ ಹಿಡದು ಹಿಂಬಡ ಎತ್ತೂದು, ಒಂದು ಪಾದದ ಮುಂದ ಇನ್ನೊಂದು ಪಾದ ಇಟ್ಟು ನಿಂದ್ರೂದು. ಒಬ್ಬರು ಹಿಂದ ನಿಂತಿರ್ರಿ. ನೆಲದ ಮ್ಯಾಲೆ ಕುಂತು ಏಳಾಕ ಇನ್ನೂ ಬರೂವಂಥವರು ಇದ್ರ ಅದನ್ನ ಬಿಡಿಸಬ್ಯಾಡ್ರಿ, ಪಂಕ್ತಿಗೆ ಟೇಬಲ್ ಬಂದ ಮ್ಯಾಲೆ ಆ ಕಸುವು ಹೋದವರನ್ನ ನೋಡೀನಿ.

ಕಸುವು ಬರೂದು ಹೊಟ್ಟಿಗೆ ಬಿದ್ರ. ಆಸ್ಟ್ರೇಲಿಯಾದಾಗ 60 ಕೇಂದ್ರ, 7195 ಹಿರಿಯರನ್ನ ಇಟಗೊಂಡು ಎರಡು ವರ್ಷ ನೋಡಿದ್ರು, 2021ರಾಗ ಪ್ರಕಟ ಆತು. ಅರ್ಧಾ ಕೇಂದ್ರದಾಗ ಊಟದೊಳಗ ಹಾಲು, ಮಸರು, ಚೀಸ್ ಹೆಚ್ಚು ಮಾಡಿದ್ರು, ದಿನಕ್ಕ ಎರಡು ಪಾಲು ಇದ್ದದ್ದು ಮೂರೂವರಿ ಆತು. ಬ್ಯಾರೆ ಯಂತ್ರ ಇಲ್ಲ, ತಂತ್ರ ಇಲ್ಲ. ಬೀಳೂದು ನೂರಕ್ಕ 11 ಕಡಿಮಿ ಆತು, ಎಲಬು ಮುರಿಯೂದು 33, ಚಪ್ಪಿ ಎಲಬು (ಸೊಂಟದ ಕೀಲಿನ ಹತ್ರ ಇರೂ ತೊಡಿ ಎಲಬು) ಮುರಿಯೂದು 46 ಕಡಿಮಿ ಆತು. ನಮ್ಮ ಆಶ್ರಮದಾಗ ಹಾಲು ಅಂದ್ರ ಚಹಾಕ್ಕ ಹಾಕಿದ್ದಷ್ಟ, ಮಜ್ಜಗಿ ಅಂದ್ರ ಬಿಳೇ ನೀರು. ಹಲ್ಲಿಲ್ಲದ ಅಜ್ಜಿಗೆ ಜೋಳದ ರೊಟ್ಟಿ ಮುರದು ಹಾಲಾಗ ನೆನಸಿ ಕೊಡೂದು ನಮ್ಮ ಹಳೇ ಪದ್ಧತಿನ, ಮ್ಯಾಲೆ ಗಟ್ಟಿ ಮಸರು, ಬ್ಯಾಳಿ, ಎಳ್ಳು ಹಿಂಡಿ. ಹುಟ್ಟಿದ ಹಬ್ಬಕ್ಕ ಆಶ್ರಮದಾಗ ಸಿಹಿ ಊಟ ಹಾಕಸೋರು ವರ್ಷೆಲ್ಲಾ ಬರ್ತಾರ, ಅವ್ರಿಗೆ ಹೇಳ್ರಿ, ಜಿಲೇಬಿ ಬದಲಿ ಒಂದು ತಿಂಗಳ ಹಾಲಿನ ಬಿಲ್ಲು ಕಟ್ರಿ ಅಂತ. ವಿಟಮಿನ್ ಡಿ ಕಡಿಮಿ ಇದ್ದವರಿಗೆ ಅದನ್ನೂ ಡಾಕ್ಟರ್ ಬರದು ಕೊಡ್ತಾರ, ಕೇಂದ್ರದಾಗ ಇರೋರಿಗೆ ಅದರಿಂದ ಬೀಳೂದು ಕಡಿಮಿ ಆಗತೈತಿ.

ಆಮ್ಯಾಲೆ ಮಂದಿ ಕೇಳಿದ್ದು. ಒಬ್ಬ ಮ್ಯಾನೇಜರು ನೇರವಾಗಿ ಕೇಳಿದ್ರು, "ಸರ್, ಮರವಿನವರು ಎಷ್ಟು ಹೇಳಿದ್ರೂ ಏಳ್ತಾರ, ಮನಿಯವ್ರ ಹೇಳ್ತಾರ ಸೀರಿಲೇ ಕುರ್ಚಿಗೆ ಕಟ್ರಿ ಅಂತ, ಬಿದ್ರ ನಮಗ ಬೈತಾರ, ನಾವೇನು ಮಾಡೂನು?" ಕಟ್ಟಬ್ಯಾಡ್ರಿ. ಕಟ್ಟಿದವರು ಕುರ್ಚಿ ಸಮೇತ ಬೀಳ್ತಾರ, ಕುತ್ತಿಗಿಗೆ ಸಿಕ್ಕು ಜೀವಾ ಹೋದದ್ದೂ ಐತಿ, ಕಾಲು ಇನ್ನೂ ಸೋಲತಾವು. ಅಮೆರಿಕಾದಾಗ 1987ರಾಗ ಕಾಯ್ದೆ ತಂದು ಸಿಬ್ಬಂದಿ ಅನುಕೂಲಕ್ಕ ಕಟ್ಟೂದನ್ನ ನಿಲ್ಲಿಸಿದ್ರು. ಕಾಟಿನ ಎರಡೂ ಕಡೆ ಕಟಕಟಿ ಎತ್ತೂದೂ ಹಂಗ, ಮರವಿನವರು ಅದನ್ನ ಹತ್ತಿ ಇನ್ನೂ ಮ್ಯಾಲಿಂದ ಬೀಳ್ತಾರ. ಅಂಥವರಿಗೆ ಹಾಸಿಗಿ ನೆಲದ ಸಮೀಪ ಹಾಕ್ರಿ, ಬಾಜೂಕ ಇನ್ನೊಂದು ಗಾದಿ. ಮತ್ತ ಅದ ಪ್ರಶ್ನಿ, ಯಾಕ ಏಳ್ತಾರ? ಒಬ್ಬ ಅಜ್ಜ ಸಂಜಿ ಐದಕ್ಕ ದಿನಾ ಏಳೂದು ದನಾ ಕಟ್ಟಾಕ. ದನಾ ಇಲ್ಲ ಅಂತ ವಾದಾ ಮಾಡಿದ್ರ ಜಗಳ, "ಬರ್ರಿ ಕಾಕಾ ನೋಡಿ ಬರೂನು" ಅಂತ ಕೈ ಹಿಡದು ಅಂಗಳ ಒಂದು ಸುತ್ತು ಹಾಕಿಸಿದ್ರ ಸಮಾಧಾನ ಆಗಿ ಕುಂದ್ರತಿದ್ರು. ಮನಿಯವ್ರಿಗೆ ಸೇರಿಸೂ ದಿನಾನ ಹೇಳ್ರಿ, ನಾವು ಅಡ್ಡಾಡಾಕ ಬಿಡ್ತೀವಿ, ಎಲ್ಲಾ ಕಾಳಜಿ ಮಾಡಿದ್ರೂ ಒಮ್ಮೊಮ್ಮೆ ಬೀಳೂದು ಆಗತೈತಿ. ಆ ದಿನಾ ಹೇಳಿದ್ರ ಒಪ್ಪತಾರ, ಬಿದ್ದ ದಿನಾ ಹೇಳಿದ್ರ ನೆಪಾ ಅಂತಾರ.

ಬಿದ್ದಾಗ ಏನು ಮಾಡೂದು ಅಂತ ಒಬ್ಬ ಆಯಾ ಕೇಳಿದ್ಲು. ತಂಗಿ, ಮೊದಲ ಬಗಲಿಗೆ ಕೈ ಹಾಕಿ ಎತ್ತಬ್ಯಾಡ. ನೆಲದ ಮ್ಯಾಲೇ ಇರಲಿ, ದಿಂಬು ಕೊಡು, ಮಾತಾಡ್ಸು. ಒಂದು ಕಾಲು ಗಿಡ್ಡ ಆಗಿ ಪಾದ ಹೊರಗ ಹೊಳ್ಳಿತ್ತಂದ್ರ ಚಪ್ಪಿ ಎಲಬು ಮುರದೈತಿ ಅಂತನ ತಿಳಿ, ಆಂಬುಲೆನ್ಸ್ ಕರಿ. ಕೆಲವರು ಮುರದ ಎಲಬಿನ್ಯಾಗೂ ನಡೀತಾರ, ಮೊಣಕಾಲು ನೋಯತೈತಿ ಅಂತ ಅಷ್ಟ ಹೇಳ್ತಾರ, ಅದಕ್ಕ ಬಿದ್ದ ಮ್ಯಾಲೆ ಹೊಸದಾಗಿ ಕುಂಟಾಕತ್ರ ಎಕ್ಸ್‌ರೇ ಆಗಲೇಬೇಕು. ತಲಿಗೆ ಪೆಟ್ಟು ಬಿದ್ದು, ರಕ್ತ ತೆಳ್ಳಗ ಮಾಡೂ ಗುಳಿಗಿ ತಗೊಳ್ಳೋರಾಗಿದ್ರ ಆರಾಮ ಅದೀನಿ ಅಂದ್ರೂ ದವಾಖಾನಿಗೆ ಕಳಸಬೇಕು. ರಿಜಿಸ್ಟರಿನ್ಯಾಗ ಆವತ್ತ ಬರೀಬೇಕಾದ್ದು, ಏನು ಮಾಡಾಕ ಎದ್ದಿದ್ರು, ಎಷ್ಟು ಹೊತ್ತು, ಕಾಲ್ಮಡಿಗೆ ಹೋಗಿ ಎಷ್ಟೊತ್ತಾಗಿತ್ತು, ಕಡೀ ಗುಳಿಗಿ ಯಾವುದು, ಕಾಲಾಗ ಏನಿತ್ತು, ಕೈ ಏನು ಹಿಡಿದಿತ್ತು.

ಕಡೀಕ ಹಿಂದಿನ ಸಾಲಿನಾಗಿಂದ ಒಬ್ಬ ಹಿರಿಯರು ಕೇಳಿದ್ದು, "ನಮ್ಮ ತಾಯಿಗೆ 88, ಚಪ್ಪಿ ಮುರೀತಂದ್ರ ಈ ವಯಸ್ಸಿನ್ಯಾಗ ಆಪರೇಷನ್ ಯಾಕ, ಎಲಬು ಕಟ್ಟೋರ ಹತ್ರ ಕಟ್ಟಿಸಿ ಮಲಗಿಸಿದ್ರ ಆಗೂದಿಲ್ಲೇನು?" ಕೈ ಎಲಬು ಬ್ಯಾರೆ, ಚಪ್ಪಿ ಬ್ಯಾರೆ. ಹಂಗ ಮಲಗಿಸಿದ್ರ ಬೆನ್ನಿಗೆ ಹುಣ್ಣು, ಎದಿಯಾಗ ಕಫಾ ಕಟ್ಟಿ ನ್ಯುಮೋನಿಯಾ, ಅದರಿಂದನ ಮಂದಿ ಹೋಗೂದು. ಆಪರೇಷನ್ ಮಾಡೂದು ಮೊದಲ ನೋವು ಕಡಿಮಿ ಮಾಡಿ ಕುಂದ್ರಿಸಾಕ, ನಿಂದ್ರಿಸಾಕ. ಆಗೂದಿದ್ರ ಎರಡು ದಿನದೊಳಗ ಆಗಬೇಕು, ಮರುದಿನಾನ ಎಬ್ಬಿಸಿ ನಿಂದ್ರಿಸಬೇಕು. ಹೃದಯ, ಉಸಿರಿನ ತೊಂದ್ರಿ ಭಾಳ ಇದ್ದವರಿಗೆ ಏನು ಮಾಡೂದು ಅಂತ ಅಲ್ಲಿನ ಡಾಕ್ಟರ ಹೇಳಬೇಕು, ನಾವಲ್ಲ. ಮತ್ತ ಡಿಸ್ಚಾರ್ಜ್ ಮಾಡಿಸಿಕೊಳ್ಳೂವಾಗ ಒಂದು ಕೇಳಿ ಬರ್ರಿ, ಎಲಬು ಗಟ್ಟಿ ಆಗಾಕ ವರ್ಷಕ್ಕ ಒಮ್ಮೆ ಕೊಡೂ ಇಂಜೆಕ್ಷನ್ ಐತಲ್ಲ, ಜೋಲೆಡ್ರೋನಿಕ್ ಆ್ಯಸಿಡ್, ಅದು ಇವರಿಗೆ ನಡೀತೈತೇನು ಅಂತ. ಚಪ್ಪಿ ಮುರದವರ ಮ್ಯಾಲೆ ಅದನ್ನ ಪರೀಕ್ಷಾ ಮಾಡಿ ನೋಡ್ಯಾರ, ಮತ್ತ ಮುರಿಯೂದು ನೂರಕ್ಕ 35 ಕಡಿಮಿ ಆಗಿತ್ತು. ಕೇಳದಿದ್ರ ಭಾಳ ಕಡೆ ಸ್ಕ್ರೂ ಹಾಕಿ, ಹೊಲಿಗಿ ಬಿಚ್ಚಿ, ಕ್ಯಾಲ್ಸಿಯಂ ಗುಳಿಗಿ ಬರದು ಮನಿಗೆ ಕಳಸ್ತಾರ.